ಅಂಟುಬೇನೆಯ ಕಾಲದಲ್ಲಿ ಹೊಲದ ಊಟ

ಕಲಬುರಗಿ, ಬೀದರ, ವಿಜಯಪುರದ ಕಡೆ ಎಳ್ಳಮಾವಾಸ್ಯೆ ದೊಡ್ಡ ಹಬ್ಬ. ಆ ದಿನ ಊರಲ್ಲಿ ಜನ ಕಾಣೋದಿಲ್ಲ. ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ. ಹೊಲದಲ್ಲಿ ಜೋಳ ಆಳೆತ್ತರ ನಿಂತಿರುತ್ತದೆ. ಕಡಲೆ ಕಾಯಿ ಕಟ್ಟಿರುತ್ತದೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ಗಡಿಗೆಯಲ್ಲಿ ಅಂಬಲಿ. ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ. ಬೆಳೆಗೆ ಚರಗ ಚೆಲ್ಲುತ್ತಾರೆ. ಆಮೇಲೆ ಊಟ. ಹೊಲ ಇಲ್ಲದವರನ್ನೂ ಕರೆದು ಉಣ್ಣಿಸುತ್ತಾರೆ.

ಎರಡು ದಿನ ಮೊದಲಿಂದ ರೊಟ್ಟಿ ಬಡಿಯೋರು ನಾವೇ. ಬುಟ್ಟಿ ಕಟ್ಟೋರೂ ನಾವೇ. ಆದರೂ ಅಕ್ಕ, ಈ ದಿನ ನಮಗೆ ಬೇಕು. ಒಲೆಯ ಮುಂದಿಂದ ಎದ್ದು ಗಾಳಿಗೆ ಕೂರುವ ದಿನ ವರ್ಷದಲ್ಲಿ ಎಷ್ಟು ಸಿಗುತ್ತವೆ? ಮಕ್ಕಳಿಗೆ ಅಂತ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಅವರು ಅತ್ತ ಹೋದಾಗ ನಾವೂ ನಾಲ್ಕು ಸಲ ಜೀಕುತ್ತೇವೆ.

2020ರಲ್ಲಿ ಕೊರೊನಾ ಬಂತು. ಆ ವರ್ಷ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಕೊರೊನಾದಿಂದ ಭಾರತದಲ್ಲಿ ಆದ ಮೊದಲ ಸಾವು ಅದು. ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಶಾಲೆ ಇಲ್ಲ, ಸಂತೆ ಇಲ್ಲ, ಜಾತ್ರೆ ಇಲ್ಲ. ಎಲ್ಲರೂ ಮನೆಯಲ್ಲೇ. ಮನೆ ಕೆಲಸ ಮಾತ್ರ ಎರಡರಷ್ಟು ಆಯಿತು. 2021ರ ಜನವರಿಯಲ್ಲಿ ಎಳ್ಳಮಾವಾಸ್ಯೆ ಬಂದಾಗ ಒಂದು ಪ್ರಶ್ನೆ ಎದ್ದಿತು. ಹೊಲಕ್ಕೆ ಹೋಗೋದೋ, ಬೇಡವೋ?

ಕೊರೊನಾದ ತುರ್ತು ಕಾಲ ಮುಗಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಆದರೆ ರೋಗ ಪೂರ್ತಿ ಹೋಗಿಲ್ಲ. ಇಂಥ ಇನ್ನೊಂದು ಬೇನೆ ಮುಂದೆ ಬರಲೂಬಹುದು. ಆಗಲೂ ಇದೇ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಈಗಲೇ ತಿಳಿದುಕೊಳ್ಳೋಣ.

ಕೊರೊನಾ ಉಸಿರಿನಿಂದ ಹರಡುವ ರೋಗ. ರೋಗ ತಗುಲಿದವರು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ, ಹಾಡಿದಾಗ ಬಾಯಿಂದ ಸಣ್ಣ ಹನಿಗಳು ಹಾರುತ್ತವೆ. ದಪ್ಪ ಹನಿ ಬೇಗ ನೆಲಕ್ಕೆ ಬೀಳುತ್ತದೆ. ಕಣ್ಣಿಗೆ ಕಾಣದ ಸಣ್ಣ ಹನಿ ಗಾಳಿಯಲ್ಲಿ ತೇಲುತ್ತಾ ಇರುತ್ತದೆ. ಆ ಹನಿಯೊಳಗೆ ರೋಗಾಣು ಇರುತ್ತದೆ.

ಇದು ತಿಳಿಯಬೇಕಾದರೆ ಒಲೆಯ ಹೊಗೆ ನೆನೆಸಿಕೊಳ್ಳಿ. ಕಿಟಕಿ ಇಲ್ಲದ ಅಡುಗೆ ಮನೆಯಲ್ಲಿ ಹಸಿ ಕಟ್ಟಿಗೆ ಉರಿಸಿದರೆ ಏನಾಗುತ್ತದೆ? ಹೊಗೆ ತುಂಬುತ್ತದೆ. ಮೂಲೆಯಲ್ಲಿ ಕುಳಿತವರಿಗೂ ಕಣ್ಣು ಉರಿಯುತ್ತದೆ. ಅದೇ ಒಲೆ ಅಂಗಳದಲ್ಲಿ ಹೂಡಿದರೆ? ಹೊಗೆ ಗಾಳಿಗೆ ಹಾರಿ ಹೋಗುತ್ತದೆ. ರೋಗಿಯ ಉಸಿರೂ ಹೊಗೆಯ ಹಾಗೆಯೇ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ಬಯಲಲ್ಲಿ ಚದುರಿ ಹೋಗುತ್ತದೆ. ಬಿಸಿಲಿಗೆ ರೋಗಾಣುವಿನ ಬಲವೂ ಕುಂದುತ್ತದೆ. ಆದ್ದರಿಂದ ಹೊಲ ನಮ್ಮ ವೈರಿ ಅಲ್ಲ.

ಆದರೆ ಅಂಗಳದ ಒಲೆಗೆ ಮುಖ ಕೊಟ್ಟು ಕುಳಿತರೆ ಹೊಗೆ ಬಿಡುತ್ತದೆಯೇ? ಬಿಡೋದಿಲ್ಲ. ಬಯಲಲ್ಲಿದ್ದರೂ ಒಬ್ಬರ ಮುಖಕ್ಕೆ ಒಬ್ಬರು ಮುಖ ಕೊಟ್ಟು ಹೊತ್ತುಗಟ್ಟಲೆ ಮಾತಾಡಿದರೆ ರೋಗ ದಾಟುತ್ತದೆ. ಹೊಲಕ್ಕೆ ಹೋದೆವು, ಇನ್ನು ಭಯ ಇಲ್ಲ ಅಂತ ತಿಳಿದರೆ ತಪ್ಪು.

ಹಿಂದೆ ಪ್ಲೇಗ್ ಬಂದಾಗಲೂ ನಮ್ಮ ಹಿರಿಯರು ಹೊಲಕ್ಕೆ ಹೋಗಿದ್ದರು. ಪ್ಲೇಗ್ 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅದು ಬೇರೆ ರೋಗ. ಇಲಿಯ ಮೈ ಮೇಲಿನ ಚಿಗಟದಿಂದ ಹರಡುವಂಥದ್ದು. ಇಲಿ ಇದ್ದ ಮನೆ ಬಿಟ್ಟವರು ಉಳಿದರು. ಕಾರಣ ಬೇರೆ, ಆದರೆ ಬಯಲು ಆಗಲೂ ಕಾಪಾಡಿತು.

ಈಗ ಹೊಲಕ್ಕೆ ಹೊರಡೋಣ. ನನ್ನನ್ನು ಕೇಳಿದರೆ ಹೆಚ್ಚು ಅಪಾಯ ಹೊಲದಲ್ಲಿ ಇಲ್ಲ, ದಾರಿಯಲ್ಲಿ ಇದೆ. ಒಂದು ಟ್ರಾಕ್ಟರಿನಲ್ಲಿ ನಾಲ್ಕು ಮನೆಯವರು ಒತ್ತಿಕೊಂಡು ಕೂರುತ್ತೇವೆ. ಜೀಪಿನ ಗಾಜು ಏರಿಸಿ ಹತ್ತು ಜನ ತುಂಬುತ್ತೇವೆ. ಬೇನೆಯ ಕಾಲದಲ್ಲಿ ಇದು ಬೇಡ. ಹತ್ತಿರದ ಹೊಲವಾದರೆ ನಡೆದೇ ಹೋಗಿ. ದೂರವಾದರೆ ಒಂದು ಮನೆಯವರು ಒಂದು ಬಂಡಿಯಲ್ಲಿ ಹೋಗಲಿ. ಬಸ್ಸು ಹತ್ತಲೇಬೇಕಾದರೆ ಕಿಟಕಿ ತೆರೆದಿರಲಿ. ಮೂಗು, ಬಾಯಿ ಎರಡಕ್ಕೂ ಮಾಸ್ಕ್ ಇರಲಿ. ಗದ್ದಕ್ಕೆ ಹಾಕಿದ ಮಾಸ್ಕ್ ಗದ್ದವನ್ನು ಮಾತ್ರ ಕಾಯುತ್ತದೆ!

ಪೂಜೆಗೆ ಜೋಳದ ದಂಟಿನ ಕೊಪ್ಪೆ ಕಟ್ಟಿರುತ್ತಾರೆ. ಅದರೊಳಗೆ ಎಲ್ಲರೂ ನುಗ್ಗಬೇಡಿ. ಒಬ್ಬರು ಪೂಜೆ ಮಾಡಲಿ. ಉಳಿದವರು ಹೊರಗೆ ನಿಂತು ಕೈ ಮುಗಿಯಲಿ.

ಊಟಕ್ಕೆ ಕೂರುವಾಗ ಮನೆಮನೆಯವರು ಬೇರೆ ಬೇರೆ ಕೂರಲಿ. ನಡುವೆ ಎರಡು ಮಾರು ಜಾಗ ಇರಲಿ. ಹೊಲದಲ್ಲಿ ಜಾಗಕ್ಕೆ ಏನು ಬರ? ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ರೋಗಾಣುವಿನ ಮೇಲೆ ಜಿಡ್ಡಿನ ಪದರ ಇದೆ. ಸೋಪು ಎಣ್ಣೆ ಪಾತ್ರೆಯ ಜಿಡ್ಡು ತೆಗೆದ ಹಾಗೆ ಅದನ್ನೂ ಒಡೆಯುತ್ತದೆ. ಅದಕ್ಕೆ ಒಂದು ಕೊಡ ನೀರು ಹೆಚ್ಚಿಗೆ ಒಯ್ಯಬೇಕು. ಆ ಕೊಡ ನಮ್ಮ ತಲೆ ಮೇಲೇ ಯಾಕೆ? ಗಂಡಸರು ಹೊರಲಿ.

ಅಂಬಲಿಯ ಲೋಟ ಬಾಯಿಂದ ಬಾಯಿಗೆ ಹೋಗಬಾರದು. ಅವರವರ ಲೋಟ ಅವರವರಿಗೆ. ಇನ್ನು ಬಡಿಸುವ ಮಾತು. ಬಡಿಸುವವಳು ಎಲ್ಲರ ಹತ್ತಿರವೂ ಬಗ್ಗುತ್ತಾಳೆ. ಎಲ್ಲರ ಉಸಿರೂ ಅವಳಿಗೇ. ಅದರ ಬದಲು ಒಬ್ಬರು ಮಾಸ್ಕ್ ಹಾಕಿಕೊಂಡು ತಾಟುಗಳಿಗೆ ಮೊದಲೇ ಹಾಕಿಡಲಿ. ಉಳಿದವರು ಬಂದು ಎತ್ತಿಕೊಳ್ಳಲಿ. ಗಂಡಸರು ತಾವೇ ತಾಟು ಎತ್ತಿಕೊಂಡರೆ ಹೋಳಿಗೆಯ ಸಿಹಿ ಕಡಿಮೆ ಆಗೋದಿಲ್ಲ.

ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕೊರೊನಾದ ಪೆಟ್ಟು ಜೋರು. ಅವರನ್ನು ಗುಂಪಿನ ನಡುವೆ ಕೂರಿಸಬೇಡಿ. ಲಸಿಕೆ ಬಂದಿದ್ದರೆ ಮೊದಲೇ ಹಾಕಿಸಿ. ಕೊರೊನಾ ಲಸಿಕೆ ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಶುರುವಾಯಿತು. ಬಹಳ ಜನರ ಜೀವ ಉಳಿಸಿತು.

ಜ್ವರ, ಕೆಮ್ಮು, ಗಂಟಲು ನೋವು ಇದ್ದವರು ಹೊಲಕ್ಕೆ ಬರಬಾರದು. ಮನಸ್ಸಿಗೆ ನೋವಾದೀತು, ನಿಜ. ಆದರೆ ಇನ್ನೊಂದು ಮಾತೂ ಇದೆ. ರೋಗ ತಗುಲಿದ ಐದಾರು ದಿನಕ್ಕೆ ಜ್ವರ ಕಾಣೋದು ಹೆಚ್ಚು. ಕೆಲವರಿಗೆ ಹದಿನಾಲ್ಕು ದಿನವೂ ಆಗಬಹುದು. ಜ್ವರ ಕಾಣುವ ಮೊದಲೇ ಅವರಿಂದ ರೋಗ ದಾಟಬಹುದು. ಆದ್ದರಿಂದಲೇ ಚೆನ್ನಾಗಿರುವವರೂ ದೂರ ಕೂರಬೇಕು.

ಊಟದ ಎಲೆ, ಪ್ಲಾಸ್ಟಿಕ್ ಲೋಟ, ಹರಿದ ಮಾಸ್ಕ್ ಹೊಲದಲ್ಲಿ ಬಿಡಬೇಡಿ. ದನ ಪ್ಲಾಸ್ಟಿಕ್ ತಿಂದು ಸಾಯುತ್ತವೆ. ಬಂದ ಬುಟ್ಟಿಯಲ್ಲೇ ಒಂದು ಚೀಲ ಇಟ್ಟುಕೊಂಡು ಕಸ ಊರಿಗೆ ತನ್ನಿ.

ಕೊನೆಗೆ ಮನೆಯಲ್ಲಿ ಉಳಿದವರ ಮಾತು. ಜ್ವರದವರನ್ನು ನೋಡಿಕೊಳ್ಳಲು ಒಬ್ಬರು ಉಳಿಯಬೇಕಾಗುತ್ತದೆ. ಹಾಗೆ ಉಳಿಯೋದು ಸಾಮಾನ್ಯವಾಗಿ ಒಬ್ಬ ಹೆಂಗಸೇ. ಅವಳ ಪಾಲಿನ ರೊಟ್ಟಿ, ಭಜ್ಜಿ, ಹೋಳಿಗೆ ಮೊದಲೇ ತೆಗೆದಿಡಿ. ಬಾಗಿಲ ಹೊರಗೆ ಇಟ್ಟು, ಅಂಗಳದಿಂದಲೇ ಅವಳನ್ನು ಮಾತಾಡಿಸಿ. ಹಬ್ಬ ಒಂದು ದಿನ ಇರುತ್ತದೆ, ಜೋಳ ಇನ್ನೂ ನಿಂತಿರುತ್ತದೆ. ಜ್ವರ ಇಳಿದು, ದೂರ ಇರಬೇಕಾದ ದಿನಗಳು ಕಳೆದ ಮೇಲೆ ಅವಳೂ ಹೊಲಕ್ಕೆ ಬರಲಿ. ಸೀತನಿ ಸುಟ್ಟು ತಿನ್ನೋಕೆ ಆಗ ಸರಿಯಾದ ಹೊತ್ತು. ಜೋಕಾಲಿಯ ಹಗ್ಗ ಮರದಲ್ಲೇ ಇರಲಿ.