ಮಂಡಿನೋವಿಗೆ ನೀರಿನ ಆಸರೆ

ಬಾವಿಯಿಂದ ನೀರು ಸೇದಿದವರಿಗೆಲ್ಲ ತಿಳಿದ ಸಂಗತಿಯೊಂದಿದೆ. ತುಂಬಿದ ಕೊಡವು ನೀರಿನೊಳಗಿರುವವರೆಗೆ ಹಗುರ. ನೀರಿನಿಂದ ಮೇಲೆದ್ದೊಡನೆ ಅದರ ನಿಜವಾದ ಭಾರ ತೋಳಿಗೆ ತಿಳಿಯುತ್ತದೆ. ಶಾಲೆಯ ಮಕ್ಕಳು ಇದನ್ನೇ ಆರ್ಕಿಮಿಡೀಸನ ತತ್ತ್ವವೆಂದು ಓದುತ್ತಾರೆ. ಅದೇ ತತ್ತ್ವವು ಮನೆಯ ಅಜ್ಜಿಯ ಮಂಡಿಗೂ ನೆರವಾಗಬಲ್ಲದು.

ತಾಳವಾಡಿ ಬೆಟ್ಟಸೀಮೆಯ ಬದುಕು ಮಂಡಿಯ ಮೇಲೆಯೇ ನಿಂತಿದೆ. ರಾಗಿಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವುದು, ಆಲೂಗಡ್ಡೆ ಅಗೆಯುವುದು, ಏರುದಾರಿಯಲ್ಲಿ ಹೊರೆ ಹೊರುವುದು ಇವೆಲ್ಲ ವರ್ಷಗಳು ಕಳೆದಂತೆ ಕೀಲುಗಳಿಗೆ ಶ್ರಮ ಕೊಡುತ್ತವೆ. ನೋವಿಗೆ ಅಂಜಿ ನಡಿಗೆಯನ್ನೇ ಬಿಟ್ಟರೆ ತೊಡೆಯ ಸ್ನಾಯುಗಳು ಸೊರಗುತ್ತವೆ. ಸ್ನಾಯು ಸೊರಗಿದಷ್ಟೂ ಕೀಲಿನ ಮೇಲೆ ಒತ್ತಡ ಹೆಚ್ಚುತ್ತದೆ.

ನೀರಿನ ವ್ಯಾಯಾಮವು ಈ ಸುಳಿಯಿಂದ ಹೊರಬರುವ ಒಂದು ದಾರಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ಕಾಲುಗಳು ಹೊರುವ ಭಾರವು ಸುಮಾರು ಅರ್ಧಕ್ಕೆ, ಎದೆಮಟ್ಟದಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೀರಿನ ಒತ್ತಡವು ಬಾವನ್ನು ತಗ್ಗಿಸಲು ನೆರವಾಗುತ್ತದೆ. ಕಾಲನ್ನು ವೇಗವಾಗಿ ಆಡಿಸಿದಷ್ಟೂ ನೀರು ಹೆಚ್ಚು ತಡೆಯೊಡ್ಡುವುದರಿಂದ ಸ್ನಾಯುಗಳೂ ಬಲಗೊಳ್ಳುತ್ತವೆ. ಈಜು ಬರಬೇಕೆಂದಿಲ್ಲ, ಅಂಚಿನ ಕಂಬಿಯನ್ನು ಹಿಡಿದು ಹಿಂದೆ ಮುಂದೆ ನಡೆಯುವುದು, ಕಾಲನ್ನು ಪಕ್ಕಕ್ಕೆತ್ತುವುದು, ಮಂಡಿ ಮಡಚಿ ಚಾಚುವುದು ಸಾಕು.

ಇದನ್ನು ಪವಾಡವೆಂದು ಭಾವಿಸಬಾರದು. ಮಂಡಿ ಮತ್ತು ಸೊಂಟದ ಕೀಲುಸವೆತದ ಬಗ್ಗೆ 2016ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು 13 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ನೋವು ಕಡಿಮೆಯಾಗುವುದೂ ಓಡಾಟ ಸುಧಾರಿಸುವುದೂ ನಿಜ, ಆದರೆ ಪ್ರಯೋಜನ ಚಿಕ್ಕದು ಮತ್ತು ಅಲ್ಪಕಾಲದ್ದು ಎಂಬುದು ಅದರ ತೀರ್ಮಾನ. ಆದ್ದರಿಂದ ನಿರಂತರ ಅಭ್ಯಾಸವೇ ಮುಖ್ಯ. ಶಸ್ತ್ರಚಿಕಿತ್ಸೆಯಾದವರು ಗಾಯ ಪೂರ್ತಿ ಮಾಯುವವರೆಗೆ ನೀರಿಗಿಳಿಯಬಾರದು. ಹೃದ್ರೋಗ, ಮೂರ್ಛೆರೋಗ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಬೆಚ್ಚನೆಯ ನೀರಿನ ಚಿಕಿತ್ಸಾಕೊಳಗಳು ಸಾಮಾನ್ಯವಾಗಿ ದೊಡ್ಡ ನಗರಗಳಲ್ಲಿರುತ್ತವೆ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದೋ, ಗಡಿ ದಾಟಿ ಮೈಸೂರಿನ ಕಡೆಗೋ ವಾರವಾರ ಹೋಗಿಬರುವುದು ಕೂಲಿ ಬಿಟ್ಟು ಬದುಕಲಾರದ ಕುಟುಂಬಕ್ಕೆ ಸುಲಭವಲ್ಲ. ಹಾಗೆಂದು ಹಿರಿಯರನ್ನು ಕಾಡಿನ ಹಳ್ಳಕ್ಕಾಗಲಿ ಕೃಷಿಹೊಂಡಕ್ಕಾಗಲಿ ಇಳಿಸುವುದು ಸಲ್ಲದು. ಹಳ್ಳದಲ್ಲಿ ಪಾಚಿ, ಸೆಳೆತ, ಆನೆಗಳ ಭಯ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದಲ್ಲಿ ಜಾರಿದವರು ಮೇಲೇರುವುದೇ ಕಷ್ಟ.

ನೀರು ಸಿಗದಿದ್ದರೂ ವ್ಯಾಯಾಮ ನಿಲ್ಲಬೇಕಿಲ್ಲ. ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸಬೇಕು. ಪ್ರತಿ ಕಾಲಿಗೆ ಹತ್ತು ಬಾರಿ ಮಾಡಬಹುದು. ನೋವು ಹೆಚ್ಚಿದರೆ ನಿಲ್ಲಿಸಬೇಕು. ತಮಿಳುನಾಡು ಸರ್ಕಾರವು 2021ರ ಆಗಸ್ಟ್ 5ರಂದು ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಬಾಗಿಲಿಗೆ ಫಿಸಿಯೋಥೆರಪಿ ಸೇವೆಯೂ ಸೇರಿದೆ. ಅದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಬೇಕು. ತಮಿಳಿನಲ್ಲಿ ಬರೆದ ಸೂಚನೆಗಳನ್ನು ಅಜ್ಜಿಗೆ ಕನ್ನಡದಲ್ಲಿ ಓದಿಹೇಳಿ, ಸಂಜೆ ಜೊತೆಗೆ ಕುಳಿತು ಎಣಿಸುವ ಕೆಲಸವನ್ನು ಮನೆಯ ಶಾಲಾಮಕ್ಕಳು ವಹಿಸಿಕೊಳ್ಳಬಹುದು.