ಎಲ್ಫ್‌ಗಳ ನುಡಿಗೆ ನಿಘಂಟು ಕಟ್ಟಿದವರು

ಜೆ.ಆರ್.ಆರ್. ಟೋಲ್ಕಿನ್ ಕಥೆಗಾಗಿ ಭಾಷೆ ಕಟ್ಟಿದವರಲ್ಲ. ತಮ್ಮ ಕಥಾಲೋಕದ ಎಲ್ಫ್‌ಗಳು ಆಡುವ ಕ್ವೆನ್ಯಾ ನುಡಿಯ ಪದಕೋಶವನ್ನು ಅವರು 1915ರ ಸುಮಾರಿಗೇ ಬರೆಯತೊಡಗಿದ್ದರು. ‘ದ ಲಾರ್ಡ್ ಆಫ್ ದ ರಿಂಗ್ಸ್’ ಅಚ್ಚಾದದ್ದು 1954–55ರಲ್ಲಿ. ಕ್ವೆನ್ಯಾಕ್ಕೆ ಫಿನ್ನಿಷ್‌ನ ನಾದ, ಎಲ್ಫ್‌ಗಳ ಇನ್ನೊಂದು ನುಡಿ ಸಿಂಡರಿನ್‌ಗೆ ವೆಲ್ಷ್‌ನ ಛಾಯೆ. ಯೌವನದಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗಾಗಿ ಪದಗಳ ಮೂಲ ಹುಡುಕಿದವರು ಅವರು.

ಆದರೆ ಈ ನುಡಿಗಳ ಪೂರ್ಣ ವ್ಯಾಕರಣವನ್ನು ಅವರು ಪ್ರಕಟಿಸಲೇ ಇಲ್ಲ. ಆ ಕೆಲಸ ಓದುಗರ ಪಾಲಿಗೆ ಬಂತು. 1978ರಲ್ಲಿ ಜಿಮ್ ಆಲನ್ ಸಂಪಾದಿಸಿದ ‘ಆ್ಯನ್ ಇಂಟ್ರೊಡಕ್ಷನ್ ಟು ಎಲ್ವಿಶ್’ ಹೊರಬಂದಾಗ ಟೋಲ್ಕಿನ್ನರ ಟಿಪ್ಪಣಿಗಳಲ್ಲಿ ಬಹುಪಾಲು ಇನ್ನೂ ಹಸ್ತಪ್ರತಿಯಲ್ಲೇ ಇದ್ದವು.

ಅದರ ಹಿಂದಿನ ವರ್ಷ ಬಂದ ‘ದ ಸಿಲ್ಮರಿಲಿಯನ್’ ಕೊನೆಗೆ ಮಗ ಕ್ರಿಸ್ಟೊಫರ್ ಸೇರಿಸಿದ ಪದಮೂಲಗಳ ಪಟ್ಟಿ ನನಗೆ ಬಹಳ ಇಷ್ಟ. ಅಲ್ಲಿ ‘ಕಲ್’ ಅಥವಾ ‘ಗಲ್’ ಎಂಬುದು ಹೊಳೆಯುವ ಅರ್ಥದ ಧಾತು. ಗಿಲ್‌ಗಲಾಡ್, ಗಲಾಡ್ರಿಯೆಲ್ ಎಂಬ ಎಲ್ಫ್‌ಗಳ ಹೆಸರುಗಳು ಅದರಿಂದಲೇ ಹುಟ್ಟಿದವು. ಮರ ಎನ್ನುವ ಅರ್ಥದ ‘ಗಲಧ್’ಗೂ ಗಲಾಡ್ರಿಯೆಲ್‌ಗೂ ನಂಟಿಲ್ಲ, ಜನ ನಂಟು ಕಲ್ಪಿಸಿಕೊಂಡು ಹೆಸರನ್ನೇ ತಿರುಚಿದರು ಎಂಬ ಎಚ್ಚರಿಕೆಯೂ ಅಲ್ಲಿದೆ. ಯಾರೂ ಆಡದ ನುಡಿಯಲ್ಲಿ ಆಡುವವರ ತಪ್ಪುಗ್ರಹಿಕೆಗೂ ಜಾಗ ಇಟ್ಟಿದ್ದರು ಟೋಲ್ಕಿನ್!

1930ರ ದಶಕದಲ್ಲಿ ಅವರು ಧಾತುವಾರು ಜೋಡಿಸಿದ ‘ದಿ ಎಟಿಮಾಲಜೀಸ್’ 1987ರಲ್ಲಿ ಬೆಳಕು ಕಂಡಿತು. ನಿಘಂಟುಕಾರರಿಗೆ ನಿಧಿ ಸಿಕ್ಕಿತು, ತೊಡಕೂ ಎದುರಾಯಿತು. ಮುಂದೆ ಸಿಂಡರಿನ್ ಆದ ನುಡಿಗೆ ಅಲ್ಲಿ ನೋಲ್ಡೋರಿನ್ ಎಂಬ ಹೆಸರು; ಆಡುವ ಕುಲವೇ ಬೇರೆ, ಪದರೂಪಗಳಲ್ಲೂ ವ್ಯತ್ಯಾಸ. ಟೋಲ್ಕಿನ್ ಬದುಕಿಡೀ ತಿದ್ದುತ್ತಲೇ ಇದ್ದರು. ಹಾಗಿರುವಾಗ ಯಾವ ರೂಪ ಸರಿ?

ಪೀಟರ್ ಜಾಕ್ಸನ್‌ರ ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ಎಲ್ವಿಶ್ ಸಂಭಾಷಣೆ ಒದಗಿಸಿದ ಡೇವಿಡ್ ಸೇಲೊ 2004ರಲ್ಲಿ ‘ಎ ಗೇಟ್‌ವೇ ಟು ಸಿಂಡರಿನ್’ ತಂದರು. ಬೇರೆ ಬೇರೆ ಕಾಲದ ರೂಪಗಳನ್ನು ಒಂದೇ ವ್ಯಾಕರಣಕ್ಕೆ ಒಗ್ಗಿಸಿದ್ದಾರೆ ಎಂಬ ಆಕ್ಷೇಪ ಬಂತು. ಸಿನಿಮಾಕ್ಕೆ ಬರೆಯುವವರು ಇಲ್ಲದ ಪದವನ್ನು ಕಟ್ಟಲೇಬೇಕು, ಅದು ನಿಜ. ಆದರೂ ನನ್ನ ಮನಸ್ಸು ‘ಪಾರ್ಮಾ ಎಲ್ಡಾಲಂಬೆರೊನ್’, ‘ವಿನ್ಯಾರ್ ಟೆಂಗ್ವಾರ್’ ಪತ್ರಿಕೆಗಳ ಕಡೆಗೇ. ಟೋಲ್ಕಿನ್ ಹೊಡೆದುಹಾಕಿದ್ದನ್ನೂ ಬಿಡದೆ ದಾಖಲಿಸುವ ಶ್ರದ್ಧೆ ಅಲ್ಲಿದೆ. ‘ಎಟಿಮಾಲಜೀಸ್’ ಹಸ್ತಪ್ರತಿಯನ್ನು ಮತ್ತೆ ಪರಿಶೀಲಿಸಿ, 2003–04ರಲ್ಲಿ ಎರಡು ಸಂಚಿಕೆಗಳ ತುಂಬ ತಿದ್ದುಪಡಿ ಕೊಟ್ಟದ್ದು ‘ವಿನ್ಯಾರ್ ಟೆಂಗ್ವಾರ್’.

ಹೊಸದಾಗಿ ಕಲಿಯುವವರು ಯಾವ ಕೈಪಿಡಿಯನ್ನೇ ಹಿಡಿಯಲಿ, ಪದದ ಜೊತೆ ಹಸ್ತಪ್ರತಿಯ ಕಾಲ ಕೊಟ್ಟಿದ್ದಾರೆಯೇ, ಊಹಿಸಿ ಕಟ್ಟಿದ ರೂಪಕ್ಕೆ ನಕ್ಷತ್ರ ಚಿಹ್ನೆ ಹಾಕಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಬೇಕು.