ಯಂತ್ರಕ್ಕಿಂತ ಮೊದಲು ಅದರ ಮಾದರಿ

ನೆದರ್ಲೆಂಡ್ಸಿನ ವೆಲ್ಡ್‌ಹೋವನ್ ಪಟ್ಟಣದ ಎಎಸ್ಎಂಎಲ್ ಕಂಪನಿ ಚಿಪ್ ಮುದ್ರಿಸುವ ಯಂತ್ರಗಳನ್ನು ತಯಾರಿಸುತ್ತದೆ. ಅದರ ಅತ್ಯಾಧುನಿಕ ಯಂತ್ರದೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50,000ದ ಲೆಕ್ಕದಲ್ಲಿ ಹಾರುತ್ತವೆ. ಪ್ರತಿ ಹನಿಗೂ ಲೇಸರ್ ಎರಡು ಏಟು ಕೊಡುತ್ತದೆ. ಮೊದಲ ಏಟಿಗೆ ಹನಿ ಚಪ್ಪಟೆಯಾಗುತ್ತದೆ. ಎರಡನೆಯ ಏಟಿಗೆ ಕುದಿದು ಪ್ಲಾಸ್ಮಾ ಆಗಿ, 13.5 ನ್ಯಾನೋಮೀಟರ್ ತರಂಗಾಂತರದ ಬೆಳಕು ಹೊಮ್ಮಿಸುತ್ತದೆ. ಆ ಬೆಳಕು ಕನ್ನಡಿಯಿಂದ ಕನ್ನಡಿಗೆ ಜಿಗಿದು ಸಿಲಿಕಾನ್ ವೇಫರಿನ ಮೇಲೆ ಚಿಪ್ಪಿನ ನಕ್ಷೆ ಮೂಡಿಸುತ್ತದೆ. ಗಂಟೆಗೆ 160 ವೇಫರ್ ಮುಗಿಸುವ ಯಂತ್ರದಲ್ಲಿ ಒಂದೊಂದರ ಪಾಲಿಗೆ ಬರುವುದು ಸುಮಾರು 22 ಸೆಕೆಂಡು ಮಾತ್ರ.

ಲಕ್ಷಕ್ಕೂ ಮಿಕ್ಕಿ ಬಿಡಿಭಾಗಗಳು, ಅವನ್ನೆಲ್ಲ ಕುಣಿಸುವ ಕಂಪ್ಯೂಟರುಗಳು, ಅವುಗಳೊಳಗಿನ ಬೆಟ್ಟದಷ್ಟು ತಂತ್ರಾಂಶ. ಇದೆಲ್ಲ ಒಬ್ಬ ಮನುಷ್ಯನ ತಲೆಯಲ್ಲಿ ಹಿಡಿಸುವ ಸಂಗತಿಯಲ್ಲ. ಕನ್ನಡಿಯವರಿಗೆ ಕನ್ನಡಿ ಗೊತ್ತು, ಮೋಟಾರಿನವರಿಗೆ ಮೋಟಾರು ಗೊತ್ತು, ಪ್ರೋಗ್ರಾಮ್ ಬರೆಯುವವರಿಗೆ ತಮ್ಮ ಪಾಲಿನ ಕಡತ ಗೊತ್ತು. ಹಾಗಿದ್ದರೆ ಇಡೀ ಯಂತ್ರ ಗೊತ್ತಿರುವುದು ಯಾರಿಗೆ? ಕಾರು, ವಿಮಾನ, ಎಂಆರ್‌ಐ ಯಂತ್ರ, ಮೆಟ್ರೊ ರೈಲು ಹೀಗೆ ಕಂಪ್ಯೂಟರನ್ನು ಒಡಲೊಳಗೆ ಇಟ್ಟುಕೊಂಡ ಎಲ್ಲ ದೊಡ್ಡ ಯಂತ್ರಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಎಂಬೆಡೆಡ್ ವ್ಯವಸ್ಥೆ ಎನ್ನುವುದು ಇವನ್ನೇ.

ತಂಡ ತಂಡಗಳ ನಡುವಿನ ಸಂದು ಎಷ್ಟು ದುಬಾರಿಯಾಗಬಲ್ಲದು ಎಂಬುದು 1999ರ ಸೆಪ್ಟೆಂಬರ್ 23ರಂದು ಗೊತ್ತಾಯಿತು. ಅಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ಸೇರಿ ಕಾಣೆಯಾಯಿತು. ನೆಲದ ಮೇಲಿನ ಒಂದು ತಂತ್ರಾಂಶ ಎಂಜಿನ್ನಿನ ತಳ್ಳುವಿಕೆಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು. ಅದನ್ನು ಪಡೆದ ತಂತ್ರಾಂಶ ನ್ಯೂಟನ್ ಲೆಕ್ಕವೆಂದು ಓದಿಕೊಂಡಿತು. ಪ್ರತಿ ಅಂಕಿಯಲ್ಲೂ ಸುಮಾರು 4.45 ಪಟ್ಟು ವ್ಯತ್ಯಾಸ. ಎರಡು ತಂತ್ರಾಂಶಗಳೂ ತಮ್ಮ ತಮ್ಮ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದವು. ತಪ್ಪು ಇದ್ದದ್ದು ಅವುಗಳ ನಡುವೆ.

ಇಂಥ ಸಂದುಗಳನ್ನು ಮುಚ್ಚಲು ಎಂಜಿನಿಯರುಗಳು ಹಿಡಿದ ದಾರಿಯೇ ಮಾದರಿ ಆಧಾರಿತ ವಿನ್ಯಾಸ. ಯಂತ್ರ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನೂರಾರು ಪುಟಗಳ ದಸ್ತಾವೇಜಿನಲ್ಲಿ ವರ್ಣಿಸುವ ಬದಲು ಕಂಪ್ಯೂಟರ್ ಓದಿ, ಓಡಿಸಿ, ತಪ್ಪು ಹುಡುಕಬಲ್ಲ ಗಣಿತದ ಮಾದರಿಯಾಗಿ ಬರೆಯುತ್ತಾರೆ. ಕಾಗದದಲ್ಲಿ ಬರೆದದ್ದನ್ನು ಇಬ್ಬರು ಎರಡು ಬಗೆಯಲ್ಲಿ ಅರ್ಥ ಮಾಡಿಕೊಳ್ಳಬಹುದು. ಓಡುವ ಮಾದರಿಯಲ್ಲಿ ಅದಕ್ಕೆ ಎಡೆಯಿಲ್ಲ.

ಈ ಸಂಶೋಧನೆಯ ಮುಖ್ಯ ನೆಲೆಗಳಲ್ಲಿ ಒಂದು ಐಂಡ್‌ಹೋವನ್. ಅಲ್ಲಿ 2002ರಲ್ಲಿ ಶುರುವಾದ ಇಎಸ್ಐ ಸಂಸ್ಥೆ 2013ರಲ್ಲಿ ಡಚ್ ಸಂಶೋಧನಾ ಸಂಸ್ಥೆ ಟಿಎನ್ಒದ ಭಾಗವಾಯಿತು. ಕಾರ್ಖಾನೆಯನ್ನೇ ಪ್ರಯೋಗಾಲಯ ಮಾಡಿಕೊಳ್ಳುವುದು ಅದರ ಕ್ರಮ. ಸಂಶೋಧಕರು ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತು ಆಟಿಕೆ ಲೆಕ್ಕಗಳನ್ನು ಬಿಡಿಸುವುದಿಲ್ಲ. ಅಂದಿನ ಓಸೆ ಕಂಪನಿಯ ಮುದ್ರಣ ಯಂತ್ರ, ಫಿಲಿಪ್ಸಿನ ಎಂಆರ್‌ಐ, ಥೇಲ್ಸ್ ಕಂಪನಿಯ ನೌಕಾ ವ್ಯವಸ್ಥೆ ಹೀಗೆ ನಿಜವಾದ ಯಂತ್ರಗಳ ನಿಜವಾದ ತೊಡಕುಗಳನ್ನು ಎತ್ತಿಕೊಳ್ಳುತ್ತಾರೆ. ಈ ಕ್ಷೇತ್ರದ ಸಂಶೋಧನೆಗೆ ಗಟ್ಟಿತನ ಬಂದಿರುವುದು ಇದರಿಂದಲೇ.

ಬೆಸ್ಟ್ ಪಟ್ಟಣದ ಫಿಲಿಪ್ಸ್ ಘಟಕದ ಕೆಲಸವನ್ನೇ ನೋಡಬಹುದು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವಾಗ ವೈದ್ಯರ ಕಣ್ಣೆದುರು ಎಕ್ಸ್‌ರೇ ಚಿತ್ರ ಚಲಿಸುತ್ತಿರಬೇಕು. ಕಾಲಿನ ಪೆಡಲ್ ಒತ್ತಿದರೆ ಎಕ್ಸ್‌ರೇ ಕೊಳವೆ, ರೋಗಿ ಮಲಗಿದ ಮೇಜು, ಪರದೆ ಎಲ್ಲವೂ ಒಟ್ಟಿಗೆ ಸ್ಪಂದಿಸಬೇಕು. ಒಂದು ಭಾಗ ಇನ್ನೊಂದಕ್ಕೆ ಯಾವ ಸಂದೇಶ ಕಳಿಸಬಹುದು ಎಂಬುದನ್ನಷ್ಟೇ ಬರೆದಿಟ್ಟರೆ ಸಾಲದು. ಯಾವುದರ ನಂತರ ಯಾವುದು, ಎಷ್ಟು ಹೊತ್ತಿನೊಳಗೆ ಉತ್ತರ ಬರಬೇಕು ಎಂಬುದೂ ಅಷ್ಟೇ ಮುಖ್ಯ. ಇದನ್ನೆಲ್ಲ ಮಾದರಿಯಾಗಿ ಬರೆಯಲು ಇಎಸ್ಐ ಮತ್ತು ಫಿಲಿಪ್ಸ್ ಸೇರಿ ಕಾಮಾ ಎಂಬ ಭಾಷೆಯನ್ನು ರೂಪಿಸಿದವು. ಯಂತ್ರ ನಡೆದ ದಾಖಲೆಯನ್ನು ಮಾದರಿಯ ಜೊತೆ ಹೋಲಿಸಿ, ಒಪ್ಪಂದ ಮುರಿದದ್ದು ಎಲ್ಲಿ ಎಂದು ಅದರ ಸಾಧನ ಬೆರಳಿಟ್ಟು ತೋರಿಸುತ್ತದೆ.

ಇನ್ನೂ ಕುತೂಹಲದ ಕೆಲಸ ಹಳೆಯ ತಂತ್ರಾಂಶದ್ದು. ಬರೆದವರು ಬಿಟ್ಟು ಹೋಗಿದ್ದಾರೆ, ದಸ್ತಾವೇಜು ಹಳತಾಗಿದೆ, ಪ್ರೋಗ್ರಾಮ್ ಮಾತ್ರ ಓಡುತ್ತಲೇ ಇದೆ. ಮುಟ್ಟಲು ಎಲ್ಲರಿಗೂ ಭಯ. ಡೇನಾ ಆಂಗ್ಲುಯಿನ್ ಎಂಬ ಅಮೆರಿಕದ ವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಒಂದು ಕ್ರಮವಿಧಿ ಇಲ್ಲಿ ನೆರವಿಗೆ ಬರುತ್ತದೆ. ಒಳಗೇನಿದೆ ಎಂದು ನೋಡದೆ, ಪ್ರೋಗ್ರಾಮಿಗೆ ಒಂದರ ಮೇಲೊಂದು ಆಜ್ಞೆ ಕೊಟ್ಟು, ಬಂದ ಉತ್ತರಗಳಿಂದಲೇ ಅದರ ನಡವಳಿಕೆಯ ಮಾದರಿಯನ್ನು ಕಟ್ಟುವ ವಿಧಾನ ಅದು. ಫಿಲಿಪ್ಸಿನಲ್ಲಿ ಒಂದು ಹಳೆಯ ಭಾಗವನ್ನು ಹೊಸದಾಗಿ ಬರೆದಾಗ, ನೈಮೇಗನ್ನಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಹಳೆಯದಕ್ಕೂ ಹೊಸದಕ್ಕೂ ಹೀಗೆ ಮಾದರಿ ಕಟ್ಟಿ ಹೋಲಿಸಿದರು. ಹೊಸದರಲ್ಲಿ ದೋಷ ಸಿಕ್ಕಿದ್ದು ಸಹಜ. ಆದರೆ ಅಲ್ಲಿಯವರೆಗೆ ಬಳಕೆಯಲ್ಲಿದ್ದ ಹಳೆಯದರಲ್ಲೂ ದೋಷ ಸಿಕ್ಕಿತು!

ಪರೀಕ್ಷೆ ಮಾಡಿ ನೋಡಿದರೆ ಸಾಲದೇ ಎಂದು ಯಾರಿಗಾದರೂ ಅನಿಸಬಹುದು. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ತೆರೆ, ಮುಚ್ಚು ಎಂಬ ಎರಡೇ ಸ್ಥಿತಿಗಳಿರುವ 10 ಭಾಗಗಳು ಸೇರಿದರೆ 1,024 ಸನ್ನಿವೇಶಗಳಾಗುತ್ತವೆ. 20 ಭಾಗಗಳಿಗೆ ಹತ್ತು ಲಕ್ಷ ದಾಟುತ್ತದೆ. 30ಕ್ಕೆ 107 ಕೋಟಿ. ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲು ಆಯುಷ್ಯ ಸಾಲದು. ಮಾದರಿಯಿದ್ದರೆ ಗಣಿತದ ಬಲದಿಂದ ಅಷ್ಟನ್ನೂ ಒಟ್ಟಿಗೆ ಜಾಲಾಡಬಹುದು.

ಒಂದು ಹೆಜ್ಜೆ ಮುಂದೆ ಹೋಗಿ, ನಿಯಂತ್ರಣದ ಪ್ರೋಗ್ರಾಮನ್ನು ಮನುಷ್ಯರು ಬರೆಯುವುದೇ ಬೇಡ ಎಂಬ ಮಾರ್ಗವೂ ಇದೆ. ಕೆನಡಾದಲ್ಲಿ 1980ರ ದಶಕದಲ್ಲಿ ರಾಮೇಜ್ ಮತ್ತು ವೊನಮ್ ಎಂಬಿಬ್ಬರು ಅದಕ್ಕೆ ಸಿದ್ಧಾಂತ ಕಟ್ಟಿದರು. ಡಚ್ಚರು ಅದನ್ನು ಕಾಲುವೆಗಳ ಸೇತುವೆ ಮತ್ತು ನೀರಗೇಟುಗಳಿಗೆ ಅನ್ವಯಿಸುತ್ತಿದ್ದಾರೆ. ಹಡಗು ಬಂದಾಗ ತೆರೆದುಕೊಳ್ಳುವ ಸೇತುವೆಗೆ ದೀಪ, ಅಡ್ಡಗಂಬ, ಮೋಟಾರು, ಸೆನ್ಸರುಗಳಿರುತ್ತವೆ. ಎಂಜಿನಿಯರ್ ಎರಡೇ ಸಂಗತಿ ಬರೆಯುತ್ತಾನೆ: ಪ್ರತಿ ಭಾಗ ಏನೇನು ಮಾಡಬಲ್ಲದು, ಯಾವುದು ಎಂದೂ ಆಗಕೂಡದು. ಅಡ್ಡಗಂಬಗಳು ಪೂರ್ತಿ ಇಳಿಯುವವರೆಗೆ ಸೇತುವೆ ಕದಲಕೂಡದು ಎಂಬುದು ಅಂಥ ಒಂದು ನಿಯಮ. ಇವೆರಡರಿಂದ ಕಂಪ್ಯೂಟರೇ ನಿಯಂತ್ರಕವನ್ನು ಹೆಣೆದುಕೊಡುತ್ತದೆ. ನಿಯಮಕ್ಕೆ ಧಕ್ಕೆ ತರುವುದನ್ನು ಅದು ತಡೆಯುತ್ತದೆ, ಉಳಿದದ್ದಕ್ಕೆ ದಾರಿ ಬಿಡುತ್ತದೆ. ಟಿಲ್‌ಬರ್ಗ್ ನಗರದ ಒಂದು ತಿರುಗು ಸೇತುವೆಗೆ ಈ ವಿಧಾನವನ್ನು ಅನ್ವಯಿಸಿದ್ದು ಸಂಶೋಧನಾ ಪತ್ರಿಕೆಯಲ್ಲಿ ವರದಿಯಾಗಿದೆ.

ಸುರಕ್ಷತೆಗಷ್ಟೇ ಅಲ್ಲ, ವೇಗಕ್ಕೂ ಮಾದರಿ ಬೇಕು. ಮದುವೆ ಊಟದಲ್ಲಿ ಹುಳಿ ಬಡಿಸುವವನು ತಡಮಾಡಿದರೆ, ಅನ್ನ ಬಡಿಸುವವನು ಎಷ್ಟೇ ಚುರುಕಾದರೂ ಪಂಕ್ತಿ ಏಳುವುದು ತಡವೇ. ವೇಫರುಗಳನ್ನು ಸಾಗಿಸುವ ರೋಬಾಟ್ ಕೈಗಳ ವಿಷಯದಲ್ಲೂ ತಡವಾಗುತ್ತಿರುವುದು ಯಾವ ಹೆಜ್ಜೆಯಿಂದ ಎಂದು ಕಂಡುಹಿಡಿಯಬೇಕು. ಇದಕ್ಕೆಂದು ಎಎಸ್ಎಂಎಲ್, ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಇಎಸ್ಐ ಕೂಡಿ ಎಲ್‌ಸ್ಯಾಟ್ ಎಂಬ ಸಾಧನ ಮಾಡಿವೆ.

ಹಾಗೆಂದು ಮಾದರಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದರಲ್ಲಿ ಬರೆದ ಊಹೆ ತಪ್ಪಾದರೆ ಅದು ಕೊಡುವ ಖಾತ್ರಿಯೂ ಸುಳ್ಳೇ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿನಲ್ಲಿ ಸಿಡಿದುಹೋಯಿತು. ಏರಿಯಾನ್ 4ರಿಂದ ಹಾಗೇ ಎತ್ತಿಕೊಂಡಿದ್ದ ತಂತ್ರಾಂಶದಲ್ಲಿ 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ನ ಜಾಗಕ್ಕೆ ತುರುಕುವ ಹೆಜ್ಜೆಯಿತ್ತು. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಜಾಗ ಮೀರುತ್ತಿರಲಿಲ್ಲ, ಹೊಸ ರಾಕೆಟ್ಟಿನಲ್ಲಿ ಮೀರಿತು. ಊಹೆಗಳನ್ನು ಕೂಡ ಮಾದರಿಯೊಳಗೆ ಎದ್ದು ಕಾಣುವಂತೆ ಬರೆಯಬೇಕೆಂದು ಸಂಶೋಧಕರು ಪಟ್ಟು ಹಿಡಿಯುವುದು ಇದಕ್ಕೇ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ತೇಜಸ್ ಯುದ್ಧವಿಮಾನ ವಿನ್ಯಾಸದಿಂದಲೇ ಅಸ್ಥಿರ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಅದು ಹಾರಲಾರದು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ಸಹಕಾರ ನಿಲ್ಲಿಸಿದಾಗ, ಬೆಂಗಳೂರಿನ ಎಂಜಿನಿಯರುಗಳು ಗಣಿತದ ಮಾದರಿ, ಸಿಮ್ಯುಲೇಟರ್ ಮತ್ತು ನೆಲದ ಮೇಲಿನ ಪರೀಕ್ಷಾ ಚೌಕಟ್ಟುಗಳನ್ನು ನೆಚ್ಚಿ ಹಾರಾಟ ನಿಯಂತ್ರಣದ ಕೆಲಸವನ್ನು ತಾವೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನಲ್ಲೇ ಮೊದಲ ಸಲ ಹಾರಿತು. ಫಿಲಿಪ್ಸ್ ಕೂಡ 1996ರಿಂದ ಬೆಂಗಳೂರಿನಲ್ಲಿ ತಂತ್ರಾಂಶ ಕೇಂದ್ರ ನಡೆಸುತ್ತಿದೆ.

ಈ ವಿದ್ಯೆ ದೊಡ್ಡ ಸಂಸ್ಥೆಗಳ ಒಳಗೇ ಉಳಿಯಬಾರದು, ತರಗತಿಗೂ ಬರಬೇಕು. ಎಲ್‌ಸ್ಯಾಟ್, ಕಾಮಾ ಮತ್ತು ಸೇತುವೆ ನಿಯಂತ್ರಕಗಳನ್ನು ಹೆಣೆಯುವ ಎಸೆಟ್ ಮೂರೂ ಎಕ್ಲಿಪ್ಸ್ ಪ್ರತಿಷ್ಠಾನದ ಆಶ್ರಯದಲ್ಲಿರುವ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು ಅಂತಿಮ ವರ್ಷದ ಪ್ರಾಜೆಕ್ಟಿಗೆ ತಮ್ಮ ಕಟ್ಟಡದ ಲಿಫ್ಟನ್ನೋ ಊರ ವೃತ್ತದ ಸಿಗ್ನಲ್ಲನ್ನೋ ಕೊಟ್ಟು, ಪ್ರೋಗ್ರಾಮ್ ಬರೆಯುವ ಮೊದಲು ಅದರ ಮಾದರಿಯನ್ನು ವಿದ್ಯಾರ್ಥಿಗಳಿಂದ ಮಾಡಿಸಲಿ.